ಹಾಲಿನ ಲೋಟ ಕಂಡಾಗ ಕುಕ್ಕರ್ ನೆನಪಾಗುವುದು

ಹಾಸನದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: “ಹೋದ ತಿಂಗಳು ‘ಶ್ರೀರಸ್ತು ಶುಭಮಸ್ತು’ ಧಾರಾವಾಹಿಯನ್ನು ಹೊಗಳಿ ಲೇಖನ ಹಾಕಿದ್ದಿರಿ. ವಿಧವೆ ತಾಯಿ ಮರುಮದುವೆ ಆಗಿದ್ದು ಸರಿ. ವಯಸ್ಸಾದ ಮೇಲೆ ಒಂದು ಆಸರೆ ಬೇಕು. ಆದರೆ ಸೊಸೆ ಬಂದ ಮನೆಯಲ್ಲಿ ಅತ್ತೆ ಬಸುರಿಯಾಗುವುದೇ? ಆ ಕಂತುಗಳನ್ನು ಮೊಮ್ಮಗಳ ಪಕ್ಕ ಕೂತು ನೋಡಿದೆ. ಹೆಣ್ಣಾಗಿ ನನಗೇ ನಾಚಿಕೆಯಾಯಿತು. ಸ್ತ್ರೀವಾದ ಅಂದರೆ ಓದು, ಕೆಲಸ, ಆಸ್ತಿ. ಅದು ಮಲಗುವ ಕೋಣೆಗೆ ಯಾಕೆ ಹೋಗಬೇಕು? ಇದಕ್ಕೆಲ್ಲ ಸೆನ್ಸಾರ್ ಇಲ್ಲವೇ?”

ಮೇಡಂ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನದಲ್ಲಿ ‘ಕ್ರಾಂತಿ’ ಎಂಬ ಪದ ಮೂರು ಕಡೆ ಇತ್ತು. ಕರಡು ತಿದ್ದುವಾಗ ಮೂರನ್ನೂ ಹೊಡೆದುಹಾಕಬೇಕಿತ್ತು. ಸಂಜೆ ಅನ್ನಕ್ಕಿಟ್ಟು ನೋಡುವ ಧಾರಾವಾಹಿಯಲ್ಲಿ ಕ್ರಾಂತಿ ಅಷ್ಟು ಸುಲಭಕ್ಕೆ ಆಗಿಬಿಡುವುದಿಲ್ಲ.

ಆದರೆ ನಾಚಿಕೆಯ ಮಾತಿಗೆ ಸುಮ್ನೆ ತಲೆಯಾಡಿಸಲಾರೆ. ನೀವೇ ಬರೆದ ‘ಆಸರೆ’ ಎಂಬ ಪದ ನೋಡಿ. ಎರಡನೇ ಗಂಡ ಮಾಧವ ಆ ತಾಯಿ ತುಳಸಿಗೆ ಆಸರೆ ಆಗಬಹುದು. ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು, ಜೊತೆಗೆ ಕೂತು ಕಾಫಿ ಕುಡಿಯಬಹುದು. ಅವಳಿಗೆ ಅವನು ಬೇಕು ಅಂತ ಮಾತ್ರ ಅನ್ನಿಸಬಾರದು. ನಾವೆಲ್ಲ ಆ ಮದುವೆಗೆ ಅಕ್ಷತೆ ಹಾಕಿದ್ದೇ ಅದರಲ್ಲಿ ಮೈಯ ಮಾತು ಇಲ್ಲ ಅಂದುಕೊಂಡು. ಅವಳು ಬಸುರಿ ಎಂದು ಗೊತ್ತಾದಾಗ ನಮ್ಮ ಲೆಕ್ಕ ತಪ್ಪಿತು. ಸೋಷಿಯಲ್ ಮೀಡಿಯಾದಲ್ಲಿ ಆಗ ಜನ ಬೈದದ್ದೂ ಹೆಚ್ಚುಕಡಿಮೆ ನಿಮ್ಮ ಮಾತಿನಲ್ಲೇ.

ಅದೇ ಜೀ ಕನ್ನಡ ವಾಹಿನಿಯಲ್ಲಿ 2019ರಲ್ಲಿ ‘ಜೊತೆ ಜೊತೆಯಲಿ’ ಧಾರಾವಾಹಿ ಶುರುವಾಯಿತು. ನಾಯಕನಿಗೆ 45, ನಾಯಕಿಗೆ 20. ಆ ಅಂತರವೇ ಕಥೆಯ ಬಂಡವಾಳ. ಮನೆಮಂದಿಯೆಲ್ಲ ಕೂತು ನೋಡಿದೆವು. ನಾನೂ ನೋಡಿದೆ, ತಪ್ಪಿಸದೆ. ಈ ವಯಸ್ಸಿನಲ್ಲಿ ಇವನಿಗೆ ಇದೆಲ್ಲ ಬೇಕಿತ್ತಾ ಅಂತ ಒಂದು ಪತ್ರವೂ ನಮ್ಮ ಕಚೇರಿಗೆ ಬರಲಿಲ್ಲ. ಇನ್ನೊಂದು ತಮಾಷೆ ನೋಡಿ. ತುಳಸಿಯ ಪಾತ್ರ ಮಾಡಿದವರು ಸುಧಾರಾಣಿ. 1986ರಲ್ಲಿ ‘ಆನಂದ್’ ಬಂದಾಗ ಈ ಹುಡುಗಿ ಪ್ರೀತಿಸಿದ್ದಕ್ಕೆ ಥಿಯೇಟರಿನಲ್ಲಿ ಸೀಟಿ ಹೊಡೆದವರು ನಮ್ಮ ವಾರಿಗೆಯವರೇ.

ಮೊಮ್ಮಗಳ ಪಕ್ಕ ಕೂತು ನೋಡುವ ಕಷ್ಟ ನನಗೂ ಗೊತ್ತು. ನಮ್ಮ ಚಿಕ್ಕಮ್ಮ ಇದ್ದಾರೆ. ತೆರೆಯ ಮೇಲೆ ಹೊಸ ಮದುಮಗಳು ಹಾಲಿನ ಲೋಟ ಹಿಡಿದು ಬಾಗಿಲು ತಳ್ಳಿದಳೋ ಇಲ್ಲವೋ, “ಕುಕ್ಕರ್ ನೋಡಿ ಬರ್ತೀನಿ” ಅಂತ ಎದ್ದುಬಿಡುತ್ತಾರೆ. ಕುಕ್ಕರ್ ಇಟ್ಟೇ ಇರುವುದಿಲ್ಲ. ಅವರು ಸುಮ್ಮನೆ ಗಾಬರಿಯಾಗುತ್ತಾರೆ, ಯಾಕೆಂದರೆ ನಮ್ಮ ಧಾರಾವಾಹಿಗಳಲ್ಲಿ ಆ ರಾತ್ರಿ ಏನೂ ನಡೆಯುವುದಿಲ್ಲ. ಒಬ್ಬರು ಮಂಚದ ಮೇಲೆ, ಇನ್ನೊಬ್ಬರು ಚಾಪೆಯ ಮೇಲೆ. ಇನ್ನೂರು ಕಂತು ದಾಟಿದರೂ ಹಾಗೇ. ನಡುವೆ ಒಂದು ದಿನ ಅವಳು ಸ್ಟೂಲ್ ಹತ್ತಿ ಪರದೆ ಕಟ್ಟುತ್ತಿರುತ್ತಾಳೆ. ಕಾಲು ಜಾರುತ್ತದೆ. ಅವನು ಹಿಡಿದುಕೊಳ್ಳುತ್ತಾನೆ. ಫ್ಯಾನಿಲ್ಲದ ಕೋಣೆಯಲ್ಲಿ ಕೂದಲು ಹಾರುತ್ತದೆ, ಅದೇ ದೃಶ್ಯ ಮೂರು ಸಲ ತಿರುಗುತ್ತದೆ. ಮುಟ್ಟಬೇಕಾದರೆ ನಾಯಕಿ ಬೀಳಬೇಕು. ತಾನಾಗಿ ಕೈ ಚಾಚುವವಳು ಯಾರು ಹೇಳಿ? ಕಣ್ಣಿಗೆ ಕಾಡಿಗೆ ಜಾಸ್ತಿ ಹಚ್ಚಿ, ತೋಳಿಲ್ಲದ ರವಿಕೆ ಹಾಕಿಕೊಂಡು, ಫೋನಿನಲ್ಲಿ ಸಂಚು ಮಾಡುತ್ತಾಳಲ್ಲ, ಅವಳು. ನಿಮ್ಮ ಮೊಮ್ಮಗಳು ಕಲಿಯುತ್ತಿರುವುದು ಇದನ್ನೂ ಅಲ್ವಾ?

ಇದು ಟೀವಿಯವರು ಹೊಸದಾಗಿ ಕಂಡುಹಿಡಿದದ್ದಲ್ಲ. ಪುಟ್ಟಣ್ಣ ಕಣಗಾಲ್ 1973ರಲ್ಲೇ ‘ಎಡಕಲ್ಲು ಗುಡ್ಡದ ಮೇಲೆ’ ಸಿನಿಮಾ ಮಾಡಿದರು. ಭಾರತೀಸುತರ ಕಾದಂಬರಿ. ಗಂಡನಿಂದ ಸಿಗದ ಸುಖಕ್ಕಾಗಿ ಚಡಪಡಿಸುವ ಮಾಧವಿಯ ಪಾತ್ರವನ್ನು ಜಯಂತಿ ಮಾಡಿದರು, ಆ ಕಾಲಕ್ಕೆ ದೊಡ್ಡ ಧೈರ್ಯ. ಆದರೂ ಕೊನೆಗೆ ಮಾಧವಿ ಸಾಯಲೇಬೇಕಾಯಿತು. ತುಳಸಿ ಸಾಯಲಿಲ್ಲ. ಐವತ್ತು ವರ್ಷದಲ್ಲಿ ಅಷ್ಟಾದರೂ ದಾರಿ ಸವೆದಿದೆ.

ಈ ಧಾರಾವಾಹಿಯ ಬಗ್ಗೆ ನನ್ನ ತಕರಾರು ನಿಮ್ಮದಕ್ಕೆ ಉಲ್ಟಾ. ನೀವು ಜಾಸ್ತಿ ತೋರಿಸಿದರು ಅನ್ನುತ್ತೀರಿ, ನನಗೆ ಕಮ್ಮಿ ಅನ್ನಿಸಿತು. ಹಸಿಬಿಸಿ ದೃಶ್ಯ ಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಗಂಡ ತೀರಿಕೊಂಡು ವರ್ಷಗಟ್ಟಲೆ ಒಬ್ಬಳೇ ಇದ್ದ ಹೆಂಗಸಿಗೆ ಮತ್ತೆ ಆಸೆ ಹುಟ್ಟುವುದು ಹೇಗೆ, ಅದನ್ನು ಅವಳು ತನಗೆ ತಾನೇ ಹೇಗೆ ಒಪ್ಪಿಕೊಳ್ಳುತ್ತಾಳೆ? ಅದನ್ನು ಒಂದು ಕಂತಿನಲ್ಲಿ ಗಟ್ಟಿಯಾಗಿ ಆಡಿಸಬಹುದಿತ್ತು. ಅದಾಗದೆ ಕಥೆ ಬಸಿರಿಗೆ ಹಾರಿತು. ತಾಯ್ತನ ಬಂದರೆ ಎಲ್ಲಕ್ಕೂ ಮಾಫಿ ಸಿಗುತ್ತದೆ, ಅದು ಬರೆಯುವವರಿಗೆ ಗೊತ್ತು. ಈ ಸಲ ನಮ್ಮ ಜನ ಅದಕ್ಕೂ ಮಾಫಿ ಕೊಡಲಿಲ್ಲ ಅನ್ನುವುದು ಬೇರೆ ಮಾತು.

ಸ್ತ್ರೀವಾದ ಮಲಗುವ ಕೋಣೆಗೆ ಯಾಕೆ ಬಂತು ಅಂದಿರಿ. ಕಾನೂನು ಅಲ್ಲಿ ಮೊದಲೇ ಹೋಗಿ ಕೂತಿದೆ. 18 ದಾಟಿದ ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ ನಮ್ಮ ಕಾನೂನಿನಲ್ಲಿ ಅದು ಅತ್ಯಾಚಾರ ಅಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ವಿನಾಯಿತಿ ಹಾಗೇ ಇದೆ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್, ಹೆಂಡತಿ ಹೊರಿಸಿದ ಅತ್ಯಾಚಾರದ ಆರೋಪವನ್ನು ಗಂಡನ ಮೇಲಿಂದ ತೆಗೆಯಲು ಒಪ್ಪಲಿಲ್ಲ. ಆಮೇಲೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬೇಕು ಅನ್ನಲು ನಾಚಬೇಕು ಅಂತ ಕಲಿಸಿದ ಹುಡುಗಿಯ ‘ಬೇಡ’ವನ್ನೂ ಯಾರೂ ನಂಬುವುದಿಲ್ಲ ಮೇಡಂ. ನಾಚಿಕೊಂಡು ಬೇಡ ಅಂತಾಳೆ ಅಂದುಬಿಡುತ್ತಾರೆ. ಓದು, ಕೆಲಸ, ಆಸ್ತಿ ಎಲ್ಲ ಇದ್ದವಳಿಗೂ ಇದು ತಪ್ಪಿದ್ದಲ್ಲ.

ಸೆನ್ಸಾರ್ ವಿಷಯ. ಸಿನಿಮಾಕ್ಕೆ ಇರುವ ಹಾಗೆ ಧಾರಾವಾಹಿಗೆ ಮೊದಲೇ ನೋಡಿ ಸರ್ಟಿಫಿಕೇಟ್ ಕೊಡುವ ಮಂಡಳಿ ಇಲ್ಲ. 1995ರ ಕೇಬಲ್ ಟೀವಿ ಕಾಯ್ದೆಯ ಕೆಳಗೆ ಒಂದು ಕಾರ್ಯಕ್ರಮ ಸಂಹಿತೆ ಇದೆ, ಅಷ್ಟೆ. ದೂರು ಇದ್ದರೆ ಮೊದಲು ವಾಹಿನಿಗೇ ಬರೆಯಬೇಕು. 15 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಅದು ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಒಕ್ಕೂಟವೇ 2011ರಲ್ಲಿ ಮಾಡಿಕೊಂಡ ಬಿಸಿಸಿಸಿ ಎಂಬ ದೂರು ಮಂಡಳಿಗೆ ಹೋಗಬಹುದು. ನಿವೃತ್ತ ನ್ಯಾಯಮೂರ್ತಿಯೊಬ್ಬರು ಅದರ ಮುಖ್ಯಸ್ಥರು. ತುಳಸಿಯ ಬಸಿರಿನ ಮೇಲೆ ನೀವು ದೂರು ಕೊಡಬಹುದು, ನಾನು ಬೇಡ ಅನ್ನುವುದಿಲ್ಲ. ಅದೇ ಕಾಗದದಲ್ಲಿ ಜಾಗ ಉಳಿದರೆ, ಹೆಂಡತಿಯ ಕಪಾಳಕ್ಕೆ ಹೊಡೆದು ಮಾರನೆಯ ಕಂತಿನಲ್ಲಿ ಮಲ್ಲಿಗೆ ಮೊಳ ತಂದುಕೊಡುವ ನಾಯಕನ ಬಗ್ಗೆಯೂ ಒಂದು ಸಾಲು ಸೇರಿಸಿಬಿಡಿ.

— ಸಂ.