ತೋಟದ ಹುಳುವಿಗೂ ನೀಲಿ ಡ್ರಾಗನ್‌ಗೂ ಎಷ್ಟು ದೂರದ ನೆಂಟಸ್ತಿಕೆ?

ವಿರಾಜಪೇಟೆ ಕಡೆಯ ನಿಮ್ಮ ತೋಟದಲ್ಲಿ ಮಳೆಗಾಲಕ್ಕೆ ಬರುವ ಚಿಪ್ಪಿಲ್ಲದ ಬಸವನಹುಳುವೂ, ಮೊಬೈಲಿನಲ್ಲಿ ನೋಡಿದ ‘ನೀಲಿ ಡ್ರಾಗನ್’ ಎಂಬ ಕಡಲ ಸ್ಲಗ್ಗೂ ಒಂದೇ ಕುಟುಂಬದವಾ, ನೀಲಿ ಡ್ರಾಗನ್ನಿನಲ್ಲಿ ಎಷ್ಟು ಬಗೆ, ಎಲ್ಲೆಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ.

ಒಂದೇ ಕುಟುಂಬ ಅಲ್ಲ. ಬಹಳ ದೂರದ ನೆಂಟರು.

ನಾನು ಸೋಮವಾರಪೇಟೆ ಕಡೆಯವನು. ಕಕ್ಕಡದ ಮಳೆಯಲ್ಲಿ ನಮ್ಮ ಹಿತ್ತಲಿನ ಸೊಪ್ಪಿನ ಮಡಿಯಲ್ಲಿ ಈ ಹುಳು ಇದ್ದೇ ಇರುತ್ತದೆ. ಒಮ್ಮೆ ಒಂದನ್ನು ಎಲೆ ಸಮೇತ ತಂದು ಕಿಟಕಿ ಬಳಿ ಇಟ್ಟು ನೋಡಿ. ತಲೆಯ ಹಿಂದೆ ಬಲಗಡೆಗೆ ಸಣ್ಣ ತೂತೊಂದು ನಿಧಾನವಾಗಿ ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಉಸಿರಾಟಕ್ಕೆ ಇರುವ ದಾರಿ ಅದು. ನೀಲಿ ಡ್ರಾಗನ್‌ಗೆ ಅಂಥ ತೂತಿಲ್ಲ, ಮೈಚರ್ಮದಿಂದಲೇ ಉಸಿರಾಡುತ್ತದೆ. ಎರಡರ ಹಿರಿಯರೂ ಚಿಪ್ಪು ಹೊತ್ತವರೇ. ಚಿಪ್ಪು ಬಿಟ್ಟದ್ದು ಮಾತ್ರ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ. ನೀಲಿ ಡ್ರಾಗನ್ನಿನ ಮರಿಗೆ ಮೊಟ್ಟೆಯಿಂದ ಹೊರಬಂದಾಗ ಈಗಲೂ ಪುಟ್ಟ ಚಿಪ್ಪಿರುತ್ತದೆ!

ನೀಲಿ ಡ್ರಾಗನ್ನಿನ ಕುಲದ ಹೆಸರು ಗ್ಲಾಕಸ್. ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಹೋಗಿದ್ದ ಜಾರ್ಜ್ ಫಾರ್ಸ್ಟರ್ 1777ರಲ್ಲಿ ಆ ಹೆಸರಿಟ್ಟರು. ಅವರು ಹೆಸರಿಸಿದ್ದು ಗ್ಲಾಕಸ್ ಅಟ್ಲಾಂಟಿಕಸ್ ಎಂಬ ಪ್ರಭೇದವನ್ನು. ಉದ್ದ ಹೆಚ್ಚೆಂದರೆ ಮೂರು ಸೆಂಟಿಮೀಟರ್ ಆಸುಪಾಸು. ಇದು ಗಾಳಿ ನುಂಗಿ, ಅಂಗಾತವಾಗಿ ತೇಲುತ್ತದೆ. ಅಂದರೆ ಫೋಟೋದಲ್ಲಿ ನೀವು ನೋಡಿದ ಆ ನೀಲಿ ಬೆನ್ನಲ್ಲ, ಹೊಟ್ಟೆಯ ಕಡೆ! ಮೇಲಿನಿಂದ ನೋಡುವ ಹಕ್ಕಿಗೆ ಕಡಲಿನ ನೀಲಿ, ಕೆಳಗಿನ ಮೀನಿಗೆ ಬೆಳ್ಳಿ ಬಣ್ಣದ ಬೆನ್ನು.

ಇನ್ನೊಂದು ಪ್ರಭೇದ ಗ್ಲಾಕಸ್ ಮಾರ್ಜಿನೇಟಸ್, ಸ್ವಲ್ಪ ಚಿಕ್ಕದು. ಅದನ್ನು ಕೆಲವರು ಗ್ಲಾಸಿಲ್ಲಾ ಅಂತ ಬೇರೆ ಕುಲವಾಗಿಯೇ ಎಣಿಸುತ್ತಿದ್ದರು. ನನಗೆ ಜಾಸ್ತಿ ಇಷ್ಟವಾದ ಭಾಗ ಮುಂದಿನದು. 2014ರಲ್ಲಿ ಡಿಎನ್‌ಎಯನ್ನೂ ಒಳಗಿನ ಜನನಾಂಗಗಳನ್ನೂ ಪರೀಕ್ಷಿಸಿದಾಗ, ಮಾರ್ಜಿನೇಟಸ್ ಅಂದುಕೊಂಡಿದ್ದ ಗುಂಪಿನಲ್ಲಿ ನಾಲ್ಕು ಪ್ರಭೇದಗಳಿರುವುದು ಗೊತ್ತಾಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಹೊಸ ಹೆಸರುಗಳು ಬೆನೆಟ್ಟೆ, ಮ್ಯಾಕ್‌ಫಾರ್ಲೇನಿ, ಥಾಂಪ್ಸನಿ. ಮೂರೂ ಪೆಸಿಫಿಕ್‌ನವು: ಮೊದಲನೆಯದು ದಕ್ಷಿಣದ ದೊಡ್ಡ ಸುಳಿಪ್ರವಾಹದಲ್ಲಿ (ಸಾಗರದಲ್ಲಿ ವೃತ್ತಾಕಾರವಾಗಿ ಸುತ್ತುವ ಪ್ರವಾಹ), ಉಳಿದೆರಡು ಉತ್ತರದ್ದರಲ್ಲಿ. ಹೀಗೆ ಒಟ್ಟು ಐದು. ಅಟ್ಲಾಂಟಿಕಸ್ ಮಾತ್ರ ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಮೂರರಲ್ಲೂ ಇದೆ. ತಮಿಳುನಾಡಿನ ದಡಕ್ಕೂ ಬಂದು ಬಿದ್ದದ್ದುಂಟು. ಇವುಗಳಿಗೆ ಇಂಥದ್ದೇ ಊರು ಅಂತಿಲ್ಲ, ಗಾಳಿ ಮತ್ತು ಪ್ರವಾಹ ಒಯ್ದ ಕಡೆಗೆ ಹೋಗುತ್ತವೆ.

ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಬೀಚಿಗೆ ಹೋದಾಗ ಅಲೆಯ ಅಂಚಿನಲ್ಲಿ ಇಂಥದ್ದು ಕಂಡರೆ, ದಯವಿಟ್ಟು ಕೈಯಲ್ಲಿ ಎತ್ತಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ. ಇದು ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎಂಬ ವಿಷದ ಜೀವಿಯನ್ನು ತಿಂದು, ಅದರ ಕುಟುಕುವ ಕಣಗಳನ್ನು ತನ್ನ ಬೆರಳಿನಂಥ ಚಾಚುಗಳ ತುದಿಯಲ್ಲಿ ಕೂಡಿಡುತ್ತದೆ. ಸತ್ತ ಹಾಗೆ ಕಂಡರೂ ಕುಟುಕಬಲ್ಲದು. ಸುಮ್ನೆ ಹತ್ತಿರದಿಂದ ಫೋಟೋ ತೆಗೆಯಿರಿ, ಆ ‘ಬೆರಳು’ಗಳು ಸ್ಪಷ್ಟವಾಗಿ ಬರಲಿ. ಒಂದೇ ಸಾಲಿನಲ್ಲಿದ್ದರೆ ಅಟ್ಲಾಂಟಿಕಸ್. ಒಂದಕ್ಕಿಂತ ಹೆಚ್ಚು ಸಾಲುಗಳಲ್ಲಿ ಗುಂಪುಗೂಡಿದ್ದರೆ ಮಾರ್ಜಿನೇಟಸ್ ಗುಂಪಿನದು.