ಎರಡು ವರ್ಷದ ಉಪ್ಪುನೀರಿನ ಅಕ್ವೇರಿಯಂಗೆ ಈಗ ರೆಫ್ಯೂಜಿಯಂ ಸೇರಿಸಬಹುದಾ?

ಖಂಡಿತ ಸೇರಿಸಬಹುದು. ರೆಫ್ಯೂಜಿಯಂ ಎಂದರೆ ನೀರಿನ ನೈಟ್ರೇಟ್, ಫಾಸ್ಫೇಟ್ ಹೀರಲು ಪಾಚಿ ಬೆಳೆಸುವ ಪ್ರತ್ಯೇಕ ಭಾಗ. ಮೀನು, ಹವಳ ಎಲ್ಲ ಚೆನ್ನಾಗಿವೆ, ನೈಟ್ರೇಟ್ ಮಾತ್ರ 30 ಪಿಪಿಎಂನಿಂದ ಕೆಳಗಿಳಿಯುತ್ತಿಲ್ಲ, ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಾದ ಸಂಪ್‌ನಲ್ಲಿ ಒಂದು ಭಾಗ ಖಾಲಿ ಇದೆ ಎಂದಿದ್ದೀರಿ. ಸೈಕಲ್ (ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರುವ ಹಂತ) ಮತ್ತೆ ಮೊದಲಿನಿಂದ ಶುರುವಾಗುತ್ತಾ, ಮ್ಯಾಂಡರಿನ್ ಮೀನು ತರಬಹುದಾ ಎಂದೂ ಕೇಳಿದ್ದೀರಿ.

ಸೈಕಲ್ ಬಗ್ಗೆ ಚಿಂತೆ ಬೇಡ. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನಿಮ್ಮ ಕಲ್ಲು, ಮರಳಿನಲ್ಲಿ ಆಗಲೇ ನೆಲೆಸಿವೆ. ಪಕ್ಕದಲ್ಲಿ ಪಾಚಿ ಬೆಳೆಸಿದರೆ ಅವಕ್ಕೆ ಏನೂ ಆಗುವುದಿಲ್ಲ. ಹುಷಾರಾಗಿರಬೇಕಾದ್ದು ಬೇರೆ ಕಡೆ: ಎರಡು ವರ್ಷದಿಂದ ಒಂದು ಹದಕ್ಕೆ ಒಗ್ಗಿರುವ ಹವಳಗಳ ನೀರು ಕೆಲವೇ ವಾರದಲ್ಲಿ ತೀರಾ ಬದಲಾಗಬಾರದು. ಆದ್ದರಿಂದ ನಿಧಾನವಾಗಿ ಮಾಡಿ.

ಪಾಚಿಗೆ ಕೀಟೊ (ಕೀಟೊಮಾರ್ಫಾ) ಸಾಕು. ಹಸಿರು ನೂಲಿನ ಉಂಡೆಯ ಹಾಗೆ ಇರುತ್ತದೆ, ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಕೀಳುವುದು ಸುಲಭ. ಕಾಲರ್ಪ ಎಂಬ ಪಾಚಿ ಇನ್ನೂ ಬೇಗ ಬೆಳೆಯುತ್ತದೆ, ಆದರೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಅದು ಕೆಲವೊಮ್ಮೆ ಇದ್ದಕ್ಕಿದ್ದಂತೆ ಸಂತಾನಕೋಶಗಳನ್ನು ನೀರಿಗೆ ಬಿಟ್ಟು ಸತ್ತುಹೋಗುತ್ತದೆ. ನೀರು ಹಸಿರಾಗಿ ಕದಡುತ್ತದೆ, ಹೀರಿಕೊಂಡಿದ್ದೆಲ್ಲ ಟ್ಯಾಂಕಿಗೇ ವಾಪಸ್. ಇನ್ನೊಂದು ಕಾರಣವೂ ಇದೆ. ಅಕ್ವೇರಿಯಂಗಳಲ್ಲಿ ಸಾಕುತ್ತಿದ್ದ ಕಾಲರ್ಪ ಟ್ಯಾಕ್ಸಿಫೋಲಿಯ 1984ರಲ್ಲಿ ಮೊನಾಕೊ ಬಳಿಯ ಸಮುದ್ರದಲ್ಲಿ ಕಾಣಿಸಿಕೊಂಡಿತು. ಆಮೇಲೆ ಮೆಡಿಟರೇನಿಯನ್ ಕರಾವಳಿಯ ಎಷ್ಟೋ ಕಡೆ ಹರಡಿತು. ನೀವು ಯಾವ ಪಾಚಿ ಬೆಳೆಸಿದರೂ ಸರಿ, ಕತ್ತರಿಸಿದ್ದನ್ನು ದಯವಿಟ್ಟು ಸಮುದ್ರಕ್ಕೋ ಚರಂಡಿಗೋ ಹಾಕಬೇಡಿ. ಒಣಗಿಸಿ ಕಸಕ್ಕೆ ಹಾಕಿ.

ತಂದ ಕೀಟೊವನ್ನು ನೇರವಾಗಿ ಸಂಪ್‌ಗೆ ಹಾಕಬೇಡಿ. ಬಕೆಟ್‌ನಲ್ಲಿ ಉಪ್ಪುನೀರು ತುಂಬಿ, ಎಳೆ ಬಿಡಿಸಿ ಚೆನ್ನಾಗಿ ಅಲುಗಾಡಿಸಿ ನೋಡಿ. ಏಪ್ಟೇಸಿಯ (ಕುಟುಕುವ, ಬೇಗ ಹರಡುವ ಸಣ್ಣ ಸೀ ಅನಿಮೋನಿ), ಗುಳ್ಳೆ ಪಾಚಿ, ಸಣ್ಣ ಏಡಿ ಬರುವುದೇ ಹೀಗೆ. ಒಂದು ಏಪ್ಟೇಸಿಯ ಒಳಗೆ ಬಂದರೆ ಸಾಕು, ತಿಂಗಳುಗಟ್ಟಲೆ ಕಾಟ.

ರೆಫ್ಯೂಜಿಯಂ ಲೈಟನ್ನು ರಾತ್ರಿ ಹೊತ್ತು ಉರಿಸಿ, ಮೇಲಿನ ಟ್ಯಾಂಕಿನದು ಆರಿದ ಮೇಲೆ. ಕತ್ತಲಲ್ಲಿ ಟ್ಯಾಂಕಿನ ಜೀವಿಗಳೆಲ್ಲ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಹೀಗಾಗಿ ಪಿಎಚ್ ಇಳಿಯುತ್ತದೆ. ಆ ಹೊತ್ತಿಗೆ ಕೆಳಗೆ ಪಾಚಿ ಅದನ್ನು ಹೀರುತ್ತಿದ್ದರೆ ಇಳಿತ ಕಡಿಮೆ ಆಗುತ್ತದೆ. ಮೊದಲ ಎರಡು ವಾರ 6 ಗಂಟೆ ಸಾಕು. ಆಮೇಲೆ ನೀರಿನ ಟೆಸ್ಟ್ ನೋಡಿಕೊಂಡು 10, 12 ಗಂಟೆಗೆ ಏರಿಸಿ. ಪಾಚಿಯ ವೇಗ ನಿಮ್ಮ ಕೈಯಲ್ಲಿರುವುದು ಈ ಟೈಮರ್ ಮೂಲಕವೇ.

ಇನ್ನು ಮುಖ್ಯವಾದ ಮಾತು. ನಿಮ್ಮ ಪ್ರಶ್ನೆಯಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ಬರೆದಿಲ್ಲ. ಮೊದಲು ಅದನ್ನು ಅಳೆಯಿರಿ. ಪಾಚಿ ಬೆಳೆಯಲು ನೈಟ್ರೋಜನ್, ಫಾಸ್ಫರಸ್ ಎರಡೂ ಬೇಕು. ಕಡಲ ಪಾಚಿಗಳ ಮೈಯಲ್ಲಿ ಸರಾಸರಿ ಒಂದು ಫಾಸ್ಫರಸ್ ಪರಮಾಣುವಿಗೆ ಸುಮಾರು 30 ನೈಟ್ರೋಜನ್ ಪರಮಾಣು ಇರುತ್ತವೆ. ನಿಮ್ಮ ನೀರಿನಲ್ಲಿ ನೈಟ್ರೇಟ್ 30, ಫಾಸ್ಫೇಟ್ ಬರೀ 0.05 ಪಿಪಿಎಂ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅಲ್ಲಿ ನೈಟ್ರೋಜನ್ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ಹಾಗಾಗಿ ಮೊದಲು ಮುಗಿದುಹೋಗುವುದು ಫಾಸ್ಫೇಟ್. ಅದು ಸೊನ್ನೆಗೆ ಬಂದ ಕೂಡಲೇ ಕೀಟೊ ಬೆಳೆಯುವುದು ನಿಲ್ಲುತ್ತದೆ, ಬಿಳಿಚಿಕೊಂಡು ಎಳೆ ಎಳೆಯಾಗಿ ಉದುರುತ್ತದೆ. ನೈಟ್ರೇಟ್ ಮಾತ್ರ ಇದ್ದಲ್ಲೇ ಇರುತ್ತದೆ. ರೆಫ್ಯೂಜಿಯಂ ಕೆಲಸ ಮಾಡಲಿಲ್ಲ ಎಂದು ಜನ ಕಿತ್ತುಹಾಕುವುದು ಎಷ್ಟೋ ಸಲ ಈ ಹಂತದಲ್ಲೇ. ನೋಡಿದರೆ ಬೇಜಾರಾಗುತ್ತದೆ, ಯಾಕೆಂದರೆ ಪಾಚಿಗೆ ಊಟ ಇರಲಿಲ್ಲ, ಅಷ್ಟೇ.

ಫಾಸ್ಫೇಟ್ ಸೊನ್ನೆಯಾದರೆ ಹವಳಕ್ಕೂ ಕಷ್ಟ. ಬಣ್ಣ ಕಳೆದುಕೊಳ್ಳುತ್ತವೆ. ಮರಳಿನ ಮೇಲೆ ಕಂದು ಲೋಳೆ, ಅದರಲ್ಲಿ ಗಾಳಿಗುಳ್ಳೆ ಕಂಡರೆ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಇರಬಹುದು ಎಂದು ಅನುಮಾನಿಸಿ. ಅದನ್ನು ಓಡಿಸುವುದು ಬಹಳ ಕಷ್ಟ. ಆದ್ದರಿಂದ ಫಾಸ್ಫೇಟ್ ಹೀರುವ ಮೀಡಿಯಾ ಹಾಕಿದ್ದರೆ ಅದನ್ನು ಕ್ರಮೇಣ ತೆಗೆಯಿರಿ. ವಾರಕ್ಕೊಮ್ಮೆ ಎರಡನ್ನೂ ಟೆಸ್ಟ್ ಮಾಡಿ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ಕ್ಕಿಂತ ಮೇಲೆ, ಇದು ನಾನು ಇಟ್ಟುಕೊಳ್ಳುವ ಗುರಿ. ಫಾಸ್ಫೇಟ್ ಅದಕ್ಕಿಂತ ಕೆಳಗಿಳಿದರೆ ಮೀನಿಗೆ ಸ್ವಲ್ಪ ಜಾಸ್ತಿ ಆಹಾರ ಹಾಕಿ, ಲೈಟಿನ ಅವಧಿ ಕಡಿಮೆ ಮಾಡಿ.

ಉಂಡೆ ಜಾಗ ತುಂಬಿದಾಗ ಮೂರನೇ ಒಂದು ಭಾಗ ತೆಗೆಯಿರಿ. ಪಾಚಿ ಹೀರಿದ್ದು ನೀರಿನಿಂದ ನಿಜವಾಗಿ ಹೊರಗೆ ಹೋಗುವುದು ಆಗಲೇ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಇದ್ದ ಹಾಗೇ ಓಡಲಿ. ತಳಕ್ಕೆ ಮರಳು ಬೇಡ, ಸಂಪ್‌ನಲ್ಲಿ ಅದು ಸುಮ್ನೆ ಕೊಳೆ ಹಿಡಿಯುತ್ತದೆ. ಒಂದೆರಡು ಲೈವ್ ರಾಕ್ (ಬ್ಯಾಕ್ಟೀರಿಯಾ ನೆಲೆಸಿರುವ ಕಲ್ಲು) ತುಂಡು ಸಾಕು.

ಇನ್ನೊಂದು. ಕರೆಂಟು ಹೋದಾಗ ಮೇಲಿನ ನೀರು ಸಂಪ್‌ಗೆ ಇಳಿಯುತ್ತದೆ. ಹೊಸ ಅಡ್ಡಗೋಡೆ ಎತ್ತರಿಸಿ ಅಲ್ಲಿ ಜಾಸ್ತಿ ನೀರು ನಿಲ್ಲಿಸಿದರೆ, ಇಳಿದು ಬರುವ ನೀರಿಗೆ ಜಾಗ ಸಾಲದೆ ಹೋಗಬಹುದು. ಎಲ್ಲ ಜೋಡಿಸಿದ ಮೇಲೆ ನೀರು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ ಆಫ್ ಮಾಡಿ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ.

ಮ್ಯಾಂಡರಿನ್ ವಿಷಯದಲ್ಲಿ ಮಾತ್ರ ಆತುರ ಬೇಡ. ಅದು ದಿನವಿಡೀ ಕೋಪಿಪಾಡ್ ಎಂಬ ಅತಿ ಸಣ್ಣ ಕಡಲ ಜೀವಿಗಳನ್ನು ಹೆಕ್ಕಿ ತಿನ್ನುವ ಮೀನು. ಹಲವು ಮ್ಯಾಂಡರಿನ್‌ಗಳು ಬೇರೆ ಆಹಾರ ಮುಟ್ಟುವುದೇ ಇಲ್ಲ, ಹಸಿವಿನಿಂದಲೇ ಸಾಯುತ್ತವೆ. ಕೀಟೊ ಜೊತೆಗೇ ಕೋಪಿಪಾಡ್ ಬಿಡಿ, ಅವು ಹೆಚ್ಚಲು ಕೆಲವು ತಿಂಗಳು ಕೊಡಿ. ಮೇಲಿನ ಟ್ಯಾಂಕಿನ ಗಾಜು, ಕಲ್ಲಿನ ಮೇಲೂ ಅವು ಧಾರಾಳವಾಗಿ ಓಡಾಡುವುದು ಕಂಡ ಮೇಲೆ ತನ್ನಿ. ನಿಮ್ಮ ಟ್ಯಾಂಕ್ ಎಷ್ಟು ಲೀಟರ್ ಎಂದು ತಿಳಿಸಿ, ಒಂದು ಮ್ಯಾಂಡರಿನ್‌ಗೆ ಅದು ಸಾಲುತ್ತದಾ ಎಂದು ಹೇಳುತ್ತೇನೆ.