ಬೋಟಿಗಿಂತ ಮೊದಲು ರಿಜಿಸ್ಟರು

ಪತ್ರ: ಕೃಷ್ಣೆಗೆ ಹೊಳೆ ಬಂದಾಗಲೆಲ್ಲ ಜಿಲ್ಲಾ ಕಂಟ್ರೋಲ್ ರೂಮಿನಲ್ಲಿ ಹತ್ತಾರು ಜನ ಫೋನ್ ಹಿಡಿದು ಕೂತಿರುತ್ತಾರೆ. ಅವರನ್ನೆಲ್ಲ ದಡಕ್ಕೆ ಕಳಿಸಬಾರದೇ? – ಅಥಣಿ ತಾಲ್ಲೂಕಿನ ಓದುಗರೊಬ್ಬರು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎದೆಮಟ್ಟ ನೀರಿಗಿಳಿದವರ ಮುಂದೆ ಕುರ್ಚಿಯಲ್ಲಿ ಕೂತವರು ಸಣ್ಣವರಾಗಿ ಕಾಣುತ್ತಾರೆ. ಆದರೆ ಸ್ವಾಮಿ, ಆ ಹತ್ತು ಜನ ದಡಕ್ಕೆ ಬಂದರೆ ದಡದಲ್ಲಿ ಗದ್ದಲ ಹೆಚ್ಚುತ್ತದೆ, ಅಷ್ಟೆ. ಬೋಟು ಮೊದಲು ಯಾವ ಊರಿಗೆ ಎಂದು ಹೇಳುವವರೇ ಇರುವುದಿಲ್ಲ.

ನಿಮ್ಮ ಹೊಳೆಯ ಲೆಕ್ಕವನ್ನೇ ನೋಡಿ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಬಿಟ್ಟದ್ದು, ಉಪನದಿ ದೂಧಗಂಗೆಯಿಂದ ಬಂದದ್ದು, ಎರಡೂ ಕೂಡಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಹರಿವು. ಟಿವಿಯವರು ಆ ಕ್ಯುಸೆಕ್ ಅಂಕಿ ಓದಿ ಕೈತೊಳೆದುಕೊಳ್ಳುತ್ತಾರೆ. ಕಂಟ್ರೋಲ್ ರೂಮಿನ ಕೆಲಸ ಅಲ್ಲಿಂದ ಶುರು: ಇಷ್ಟು ನೀರಿಗೆ ಯಾವ ಸೇತುವೆ ಮುಳುಗುತ್ತದೆ, ಯಾವ ತೋಟದ ವಸ್ತಿ ನಡುಗಡ್ಡೆಯಾಗುತ್ತದೆ, ದನಕರುಗಳನ್ನು ಎಷ್ಟು ಹೊತ್ತಿನೊಳಗೆ ದಾಟಿಸಬೇಕು. ಕ್ಯುಸೆಕ್ಕನ್ನು ಓಣಿಗೆ ಇಳಿಸದ ಎಚ್ಚರಿಕೆ ಇದ್ದೂ ಇಲ್ಲದಂತೆ.

ಇನ್ನು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಬರುವ ಕರೆ. ‘ಬೋಟ್ ಬೇಕಂತೆ’ ಎಂದಷ್ಟೇ ಗೀಚಿಕೊಂಡರೆ ಬರೆದಂತಾಗಲಿಲ್ಲ. ಕರೆ ಬಂದ ವೇಳೆ, ಊರು, ತಾಲ್ಲೂಕು (ಹೊಸಹಳ್ಳಿ ಎಂಬ ಹೆಸರಿನ ಊರುಗಳಿಗೇನು ಬರವೇ?), ಗುಡಿಯೋ ಶಾಲೆಯೋ ಒಂದು ಗುರುತು, ಎಷ್ಟು ಜನ, ಅವರಲ್ಲಿ ಬಸುರಿಯರು, ಹಾಸಿಗೆ ಹಿಡಿದವರು ಎಷ್ಟು, ನೀರು ಎಲ್ಲಿಯವರೆಗೆ. ಮುಂದಿನ ಅಂಕಣಗಳು ಇನ್ನೂ ಮುಖ್ಯ: ಯಾರಿಗೆ ಒಪ್ಪಿಸಿದೆ, ಅವರು ಹೊರಟದ್ದು ಯಾವಾಗ, ತಲುಪಿದ್ದು ಯಾವಾಗ. ಈ ಅಂಕಣಗಳು ಖಾಲಿ ಇದ್ದಲ್ಲೇ ಎಡವಟ್ಟು. ‘ಹೇಳಿದ್ದೀವಿ ಸಾರ್’ ಎಂಬುದು ಉತ್ತರವಲ್ಲ. ಒಂದೇ ಮನೆಗಾಗಿ ಐದು ಮಂದಿ ಫೋನ್ ಮಾಡಿದ್ದನ್ನು ಐದು ಕರೆ ಎಂದು ಎಣಿಸಿದರೆ ಮೂರು ಬೋಟು ಒಂದೇ ಊರಿಗೆ ಹೋಗುತ್ತವೆ, ಪಕ್ಕದ ಊರು ಮಾಳಿಗೆ ಮೇಲೆ ಕಾಯುತ್ತಿರುತ್ತದೆ.

ಬೋಟೆಂದರೆ ಬರೀ ಬೋಟಲ್ಲ. ಇಂಜಿನ್, ಅದು ಟೂ ಸ್ಟ್ರೋಕ್ ಆದರೆ ಆಯಿಲ್ ಬೆರೆಸಿದ ಪೆಟ್ರೋಲು, ನಡೆಸುವವರಿಬ್ಬರು, ಹತ್ತುವವರ ಲೆಕ್ಕಕ್ಕೆ ಲೈಫ್ ಜಾಕೆಟ್, ಹೊತ್ತು ತರುವ ಲಾರಿ, ಇಳಿಸಲು ಕೆಸರಿಲ್ಲದ ಜಾಗ. ಒಂದು ತಪ್ಪಿದರೂ ಬೋಟು ಲಾರಿ ಮೇಲೇ ಉಳಿಯುತ್ತದೆ. ಇದನ್ನೆಲ್ಲ ಹೊಂದಿಸಲೆಂದೇ ವಿಪತ್ತು ನಿರ್ವಹಣೆಯ 2010ರ ರಾಷ್ಟ್ರೀಯ ಮಾರ್ಗಸೂಚಿ ಕಾರ್ಯಾಚರಣೆ, ಯೋಜನೆ, ಸಾಮಗ್ರಿ ಪೂರೈಕೆಗಳನ್ನು ಬೇರೆಬೇರೆಯವರ ಹೆಗಲಿಗೆ ಹಾಕಿತು. ಈ ವ್ಯವಸ್ಥೆಯ ಬೇರು ಇರುವುದು ಕ್ಯಾಲಿಫೋರ್ನಿಯಾದಲ್ಲಿ. 1970ರ ಕಾಡ್ಗಿಚ್ಚಿನಲ್ಲಿ ಒಂದು ದಳದ ಪರಿಭಾಷೆ ಇನ್ನೊಂದು ದಳಕ್ಕೆ ತಿಳಿಯದೆ ಪರದಾಡಿದ ಮೇಲೆ ಅಲ್ಲಿ ಇದನ್ನು ಕಟ್ಟಿದರು.

ನಮ್ಮಲ್ಲಿ ಕೊರತೆ ಕಾಗದದಲ್ಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಗೆ ಬೇಕಾದಷ್ಟು ಅಧಿಕಾರ ಕೊಟ್ಟಿದೆ. ಆದರೆ ಗೋಡೆ ತುಂಬ ಪರದೆ ಹಾಕಿಸುವ ಹುಮ್ಮಸ್ಸು ರಾತ್ರಿ ಪಾಳಿಗೆ ಪಳಗಿದವರನ್ನು ಕೂರಿಸುವಾಗ ಇರುವುದಿಲ್ಲ. ಯಾವುದೋ ಕಚೇರಿಯಿಂದ ನಿಯೋಜನೆಯ ಮೇಲೆ ಬಂದವರಿಗೆ ತಾಲ್ಲೂಕಿನ ನಕ್ಷೆಯೂ ಗೊತ್ತಿರದು. ಪಾಳಿ ಬದಲಾಗುವಾಗ ಬಾಕಿ ಕರೆಗಳನ್ನು ಒಂದೊಂದಾಗಿ ಓದಿ ಒಪ್ಪಿಸಲು ಅರ್ಧ ಗಂಟೆಯಾದರೂ ಬೇಕು. ಆದರೆ ಪಾಳಿ ಮುಗಿಸಿದವರು ಹಾಜರಿ ಸಹಿ ಹಾಕಿ ಎದ್ದುಹೋಗುತ್ತಾರೆ. ಅದೇ ಹೊತ್ತಿಗೆ ಮಂತ್ರಿಗಳು ಬಂದರೋ, ಫೋನೆತ್ತಬೇಕಾದ ಕೈಗಳು ಹಾರ ತರಲು ಓಡುತ್ತವೆ. ಬೋಟು ನಡೆಸಿದವನಿಗೆ ಶಾಲು ಹೊದಿಸುತ್ತೇವೆ, ಹೊದಿಸಲೇಬೇಕು. ರಾತ್ರಿಯಿಡೀ ರಿಜಿಸ್ಟರು ತುಂಬಿದ ಗುಮಾಸ್ತೆಯ ಹೆಸರನ್ನು ಯಾರಾದರೂ ಕೇಳಿದ್ದಾರೆಯೇ? ನಮ್ಮ ಪತ್ರಿಕೆಗಳೂ ಕೇಳಿಲ್ಲ.

ಮುಂದಿನ ಸಲ ನೀವು ಫೋನ್ ಮಾಡಿದಾಗ ಊರಿನ ಜೊತೆ ಗುಡಿಯ ಗುರುತನ್ನೂ ಹೇಳಿ. ಬೋಟು ತಲುಪಿದ ಮೇಲೆ ಇನ್ನೊಂದು ಕರೆ ಮಾಡಿ, ‘ಬಂತ್ರೀ’ ಅನ್ನಿ. ಆ ಕೊನೆಯ ಅಂಕಣ ತುಂಬಿದರೆ ಬೋಟು ಮುಂದಿನ ಊರಿಗೆ ಹೊರಡುತ್ತದೆ.

– ಸಂ.